‘ನೀರಿನವರ’ ಕಥೆಯಲ್ಲಿ ದೆವ್ವ ಬೇಕೆ?

ಪ್ರಶ್ನೆ: ನೈಲ್ ನದಿಯ ತಳದಲ್ಲಿ ಜಲವಾಸಿಗಳಿದ್ದಾರೆಂದು ನಂಬುವ ನೂಬಿಯನ್ನರ ಕಥೆಗಳನ್ನು ಎಂಟು–ಹತ್ತು ವರ್ಷದ ಮಕ್ಕಳಿಗಾಗಿ ಕನ್ನಡದಲ್ಲಿ ಸಚಿತ್ರ ಪುಸ್ತಕವಾಗಿ ಬರೆಯುತ್ತಿದ್ದೇನೆ. ಮೂಲದ ಹೆಸರು ಬಾಯಿಗೆ ತೊಡಕಾದೀತೆಂದು ಅವರನ್ನು ‘ಜಲದೆವ್ವ’ ಎಂದಿದ್ದೇನೆ. ಚಿತ್ರಕಾರರು ಹಿನ್ನೆಲೆಗೆ ಗೀಜಾದ ಪಿರಮಿಡ್ಡುಗಳನ್ನು ಬರೆದಿದ್ದಾರೆ. ಇದು ಸರಿಯೆ?
— ಓದುಗರೊಬ್ಬರು, ಧಾರವಾಡ

ಉತ್ತರ: ಎರಡನ್ನೂ ಬದಲಿಸಿರಿ. ಪಿರಮಿಡ್ಡಿನ ಮಾತನ್ನು ಬೇಗ ಮುಗಿಸಬಹುದು. ನೂಬಿಯಾ ಇರುವುದು ಈಜಿಪ್ಟಿನ ಅಸ್ವಾನಿನಿಂದ ದಕ್ಷಿಣಕ್ಕೆ, ಸುಡಾನಿನೊಳಕ್ಕೆ. ಗೀಜಾ ಅಲ್ಲಿಂದ ನೂರಾರು ಕಿಲೋಮೀಟರ್ ಉತ್ತರಕ್ಕಿದೆ. ನೂಬಿಯಾಕ್ಕೂ ತನ್ನವೇ ಪಿರಮಿಡ್ಡುಗಳಿವೆ, ಆದರೆ ನೂರಿ, ಮೆರೊಯೆಗಳಲ್ಲಿರುವ ಅವು ಸಣ್ಣವು, ಕಡಿದಾದವು. ಅಜ್ಜಿ ಹೇಳುವ ಹೊಳೆಯ ಕಥೆಗೆ ಅವೂ ಬೇಕಿಲ್ಲ.

ಹೆಸರಿನದು ಇದಕ್ಕಿಂತ ಸೂಕ್ಷ್ಮವಾದ ವಿಷಯ. ನೂಬಿಯನ್ನರ ಭಾಷೆಗಳಲ್ಲೊಂದಾದ ನೊಬೀನ್‌ನಲ್ಲಿ ‘ಅಮನ್’ ಎಂದರೆ ನೀರು. ಈ ಜಲವಾಸಿಗಳನ್ನು ‘ಅಮನ್ ನುತ್ತೋ’ ಎನ್ನುತ್ತಾರೆ, ಅಂದರೆ ನೀರಿನ ಜನ. ಅವರಲ್ಲಿ ಕೇಡು ಮಾಡುವವರೂ ಉಂಟು, ಕಾಪಾಡುವವರೂ ಉಂಟು. ಮದುಮಗಳು, ಬಾಣಂತಿ ನದಿಗೆ ಹೋಗಿ ಮುಖ ತೊಳೆದು, ತಿನಿಸಿನಲ್ಲಿ ಒಂದು ಪಾಲನ್ನು ನೀರಿಗೆ ಬಿಡುವುದು ಅಲ್ಲಿನ ರೂಢಿಯಾಗಿತ್ತು. ನಮ್ಮ ಬಾಣಂತಿಯರು ಬಾವಿಯ ಬಳಿ ಮಾಡುವ ಗಂಗೆಪೂಜೆಯನ್ನು ನೋಡಿ ಬೆಳೆದ ಓದುಗರಿಗೆ ಇದು ಹೊಸದೆನಿಸಲಾರದು. ಹಾಗೆಂದು ಅವರನ್ನು ಗಂಗಮ್ಮನನ್ನಾಗಿ ಮಾಡಿದರೂ ತಪ್ಪೇ. ‘ನೀರಿನವರು’ ಎಂದರೆ ಸಾಕು, ಮೂಲದ ಹೆಸರನ್ನು ಒಮ್ಮೆ ಹೇಳಿದರಾಯಿತು. ಡೈನೋಸಾರುಗಳ ಹೆಸರನ್ನು ತಡವರಿಸದೆ ಹೇಳುವ ಮಕ್ಕಳಿಗೆ ಇದು ಕಷ್ಟವೆಂದು ನನಗೆ ಅನ್ನಿಸುವುದಿಲ್ಲ.

ಕಥೆ ಯಾವ ಕಾಲದಲ್ಲಿ ನಡೆಯುತ್ತದೆ ಎಂಬುದನ್ನೂ ನೀವು ನಿರ್ಧರಿಸಬೇಕು. 1960ರಲ್ಲಿ ಆರಂಭವಾದ ಅಸ್ವಾನ್ ಹೈ ಡ್ಯಾಮಿನ ನೀರು ಏರುವ ಮುನ್ನ, 1963–64ರ ಹೊತ್ತಿಗೆ, ಈಜಿಪ್ಟಿನ ಸುಮಾರು 50,000 ನೂಬಿಯನ್ನರನ್ನು ಕೋಮ್ ಓಂಬೋ ಬಳಿಗೂ, ಸುಡಾನಿನ ವಾದಿ ಹಲ್ಫಾದ ಜನರನ್ನು ದೂರದ ಖಶ್ಮ್ ಅಲ್ ಗಿರ್ಬಾಕ್ಕೂ ಸಾಗಿಸಲಾಯಿತು. ಸರಿಸುಮಾರು ಅದೇ ಹೊತ್ತಿಗೆ ಲಿಂಗನಮಕ್ಕಿಯ ಹಿನ್ನೀರಿನಿಂದ ಎದ್ದುಹೋದ ಶರಾವತಿ ಕಣಿವೆಯ ಮನೆಗಳವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಿಲ್ಲ. ಹೊಳೆ ಮನೆಯ ಮುಂದಿರುವ ಹಳೆಯ ಊರಿನ ಕಥೆಯಾದರೆ ಬಾಣಂತಿ ನಾಲ್ಕು ಹೆಜ್ಜೆಯಲ್ಲಿ ನೀರಿಗಿಳಿಯುತ್ತಾಳೆ. ಹೊಸ ಊರಿನ ಸಾಲುಮನೆಯದಾದರೆ ನದಿಯೇ ಎಲ್ಲಿದೆಯೆಂದು ಮಗು ಅಜ್ಜಿಯನ್ನು ಕೇಳಬೇಕಾಗುತ್ತದೆ. ನಾನಾಗಿದ್ದರೆ ಎರಡನೆಯದನ್ನು ಆರಿಸಿಕೊಳ್ಳುತ್ತಿದ್ದೆ. ಅಲ್ಲಿ ಅಜ್ಜಿ ಕಥೆ ಹೇಳುವುದಕ್ಕೆ ಒಂದು ಕಾರಣವಿದೆ.

ನಿಮ್ಮ ಚಿತ್ರಕಾರರಿಗೆ ಕೆಲಸವೇನೂ ಕಡಿಮೆಯಾಗದು. ಹಳೆಯ ಊರಿನ ಮನೆಗಳ ಮುಂಗೋಡೆಯ ಮಣ್ಣಿನ ಗಿಲಾವಿನಲ್ಲಿ ಉಬ್ಬುಚಿತ್ತಾರ ತೆಗೆದು, ಬಾಗಿಲ ಮೇಲೆ ಪಿಂಗಾಣಿ ತಟ್ಟೆಗಳನ್ನು ಮೆತ್ತುತ್ತಿದ್ದರು. ಕೆಲವು ಬಾಗಿಲುಗಳ ಮೇಲೆ ಒಣಗಿಸಿದ ಮೊಸಳೆಯೂ ಇರುತ್ತಿತ್ತು. ದಂಡೆಯಲ್ಲಿ ಖರ್ಜೂರದ ತೋಪು, ಎತ್ತುಗಳು ತಿರುಗಿಸುವ ನೀರಿನ ಚಕ್ರ ‘ಎಸ್ಕಾಲೇ’. ಹೆಂಗಸರ ಜರ್ಜಾರ್ ಎಂಬ ತೆಳು ಕಪ್ಪು ಮೇಲುಡುಪಿನ ಅಂಚು ಹಿಂದೆ ನೆಲಕ್ಕೆ ಎಳೆಯುತ್ತದೆ, ಅದು ಮರಳಿನ ಮೇಲಿನ ಹೆಜ್ಜೆಗುರುತನ್ನು ಅಳಿಸುತ್ತ ಹೋಗುತ್ತದೆಂದು ಹೇಳುತ್ತಾರೆ. ನದಿಯತ್ತ ನಡೆದುಹೋದವಳ ಹಿಂದೆ ಹೆಜ್ಜೆಯೇ ಕಾಣದಂತೆ ಒಂದು ಪುಟವನ್ನು ಬರೆಯಲು ಹೇಳಿರಿ. ಆ ಪುಟಕ್ಕೆ ನೀವು ಒಂದು ಸಾಲನ್ನೂ ಬರೆಯಬೇಡಿ.