ಮಕ್ಕಳ ಕಥೆ ಕ್ಯಾಸೆಟ್ ಗುಜರಿಗೆ ಹಾಕೋ ಮುಂಚೆ ಎರಡೂ ಸೈಡ್ ಕೇಳಿ

ಅಟ್ಟ ಕ್ಲೀನ್ ಮಾಡುವಾಗ ಮಕ್ಕಳ ಕಥೆ, ಶಿಶುಗೀತೆ ಕ್ಯಾಸೆಟ್ಟುಗಳ ಒಂದು ಡಬ್ಬಿ ಸಿಕ್ಕಿದೆ, ಮನೆಯ ಟೇಪ್ ರೆಕಾರ್ಡರ್ ಕೆಟ್ಟು ವರ್ಷಗಳಾದವು, ಗುಜರಿಗೆ ಹಾಕೋದಾ, ಇಲ್ಲಾ ಮಗಳಿಗೆ ಕೇಳಿಸೋಕೆ ದಾರಿ ಇದೆಯಾ ಅಂತ ಕೇಳಿದ್ದೀರಿ.

ಖಂಡಿತ ಗುಜರಿಗೆ ಹಾಕಬೇಡಿ. ನಾನು ದಾವಣಗೆರೆಯಲ್ಲಿ ರೇಡಿಯೋ, ಟೇಪು, ಆಂಪ್ಲಿಫೈಯರ್ ರಿಪೇರಿ ಮಾಡಿಕೊಂಡು ಬಂದವನು. ಈಗ ಟೇಪು ರಿಪೇರಿಗೆ ಬರುವವರು ಕಮ್ಮಿ, ಹಳೇ ಕ್ಯಾಸೆಟ್ ತಂದು "ಇದನ್ನ ಪೆನ್‌ಡ್ರೈವಿಗೆ ಹಾಕಿಕೊಡ್ರಿ" ಅನ್ನುವವರು ಜಾಸ್ತಿ. ಅವರಿಗೆಲ್ಲ ಹೇಳುವುದನ್ನೇ ನಿಮಗೂ ಹೇಳ್ತೀನಿ: ಮೇಲಿನ ಚೀಟಿ ನೋಡಿ ಒಳಗೆ ಏನಿದೆ ಅಂತ ತೀರ್ಮಾನ ಮಾಡಬೇಡಿ. ಮಕ್ಕಳ ಕ್ಯಾಸೆಟ್ಟಿನಲ್ಲಂತೂ ಮಾಡಲೇಬೇಡಿ.

ಯಾಕೆ ಅಂದ್ರೆ, ಮನೆಯಲ್ಲಿ ಮೊದಲು ಬೇಡವಾಗುತ್ತಿದ್ದದ್ದು ಮಕ್ಕಳ ಕ್ಯಾಸೆಟ್ಟೇ. ಮಗು ಹೈಸ್ಕೂಲಿಗೆ ಹೋದ ಮೇಲೆ ಮೊಲ-ಆಮೆ ಕಥೆ ಯಾರು ಕೇಳ್ತಾರೆ? ಏನಾದರೂ ರೆಕಾರ್ಡ್ ಮಾಡಬೇಕು ಅಂದಾಗ ಹೊಸ ಖಾಲಿ ಕ್ಯಾಸೆಟ್ ತರುವ ಬದಲು ಅದರ ಮೇಲೇ ಮಾಡುತ್ತಿದ್ದರು. ಕಂಪನಿ ಕ್ಯಾಸೆಟ್ಟಿನ ಹಿಂಬದಿ ಅಂಚಿನಲ್ಲಿ ಎರಡು ಚಿಕ್ಕ ಚೌಕದ ತೂತು ಇರುತ್ತವೆ, ಅವು ಇದ್ದರೆ ರೆಕಾರ್ಡ್ ಬಟನ್ ಒತ್ತಲು ಬರುವುದಿಲ್ಲ. ಆ ತೂತಿಗೆ ಕಾಗದದ ಉಂಡೆ ತುರುಕಿದರೆ, ಇಲ್ಲವೇ ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ಬಟನ್ ಕೂರುತ್ತೆ. ಹಾಗಾಗಿ ನಿಮ್ಮ ಡಬ್ಬಿಯಲ್ಲಿ ತೂತು ಮುಚ್ಚಿದ ಕ್ಯಾಸೆಟ್ ಕಂಡರೆ ಮೊದಲು ಅದನ್ನ ಬೇರೆ ಎತ್ತಿಡಿ.

ಜಗಳೂರು ಕಡೆಯ ಒಬ್ಬ ಹೆಣ್ಣುಮಗಳು ತಂದಿದ್ದ ಕ್ಯಾಸೆಟ್ಟಿನ ಬಿ ಸೈಡಿನಲ್ಲಿ ಕೋತಿ-ಮೊಸಳೆ ಕಥೆ ಇತ್ತು. ಮೊಸಳೆ ಕೋತಿಯನ್ನ ಬೆನ್ನ ಮೇಲೆ ಕೂರಿಸಿಕೊಂಡು ನಡುಹೊಳೆಗೆ ಬಂದಾಗ ಟಕ್ ಅಂತ ಕಥೆ ನಿಂತಿತು. ಆಮೇಲೆ ಪಾತ್ರೆ ಸದ್ದು, ಒಂದು ಕೆಮ್ಮು, "ಹೇಳಜ್ಜೀ, ಹಚ್ಚೀನಿ" ಅನ್ನುವ ಹುಡುಗನ ದನಿ. ಹಿಂದೆಯೇ ಬೀಸುವ ಪದ ಶುರುವಾಯಿತು, ಸುಮಾರು ಹೊತ್ತು, ನಡುವೆ ಒಂದು ಸಾಲು ಮರೆತು ಮತ್ತೆ ಹಿಂದಿನಿಂದ ಹಿಡಿದುಕೊಂಡು. ಅಂಥದೊಂದು ಇದೆ ಅಂತಲೇ ಆ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅವರು ಟೇಪು ನಿಲ್ಲಿಸಿಸಿ ತಾಯಿಗೆ ಫೋನ್ ಹಚ್ಚಿ, ಸ್ಪೀಕರ್ ಪಕ್ಕ ಹಿಡಿದು, ಮೊದಲಿನಿಂದ ಮತ್ತೆ ಹಾಕಿಸಿದರು. ಅದಕ್ಕೇ ಎರಡೂ ಸೈಡ್ ಕೊನೆಯವರೆಗೆ ಕೇಳಿ ಅನ್ನುವುದು. ಕಥೆ ಮುಗಿದು ಬರೀ ಸುಯ್ ಅಂತಿದ್ದರೂ ರೀಲು ಮುಗಿಯುವ ತನಕ ಬಿಡಿ.

ಹಾಗಂತ ಕಂಪನಿ ಕಥೆ ಹಾಗೇ ಉಳಿದಿರುವ ಕ್ಯಾಸೆಟ್ಟು ಬೆಲೆಯಿಲ್ಲದ್ದಲ್ಲ. ಸಿನಿಮಾ ಹಾಡು ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತೆ. ಸಣ್ಣ ಕಂಪನಿಗಳು ತಂದ ಮಕ್ಕಳ ಕಥೆಗಳೆಲ್ಲ ಹಾಗೆ ಬಂದಿಲ್ಲ. ಒಂದು ಸಮಾಧಾನ, ಇವು ಇನ್ನೂ ಚೆನ್ನಾಗಿ ಕೇಳುತ್ತವೆ. ಫಿಲಿಪ್ಸ್ 1963ರಲ್ಲಿ ಕ್ಯಾಸೆಟ್ ತಂದದ್ದೇ ಮುಖ್ಯವಾಗಿ ಮಾತು ಮುದ್ರಿಸಿಕೊಳ್ಳಲಿಕ್ಕೆ, ಸಂಗೀತ ಆಮೇಲೆ ಬಂತು. ಹಾಡಿನ ಮೆರುಗು ಸ್ವಲ್ಪ ಮಾಸಿದರೂ ಕಥೆ ಹೇಳುವ ದನಿ ಉಳಿದಿರುತ್ತೆ.

ಮೊದಲು ಕ್ಯಾಸೆಟ್ಟಿನ ಕಿಟಕಿಯನ್ನ ಬೆಳಕಿಗೆ ಹಿಡಿದು ನೋಡಿ. ರೀಲಿನ ಮೇಲೆ ಬಿಳಿ ಪುಡಿ ಇದ್ದರೆ ಅದು ಬೂಷ್ಟು. ಮಲೆನಾಡಿನಿಂದ ಬರುವ ಕ್ಯಾಸೆಟ್ಟುಗಳಲ್ಲಿ ಇದು ಮಾಮೂಲು, ನಮ್ಮ ಒಣ ಹವೆಯಲ್ಲಿ ಕಮ್ಮಿ. ಅಂಥದ್ದನ್ನ ಹಾಕಲೇಬೇಡಿ. ಮೆಷಿನ್ನಿನ ಹೆಡ್ಡಿಗೆ, ಅಂದರೆ ರೀಲಿಗೆ ತಾಗಿ ದನಿ ಓದುವ ಭಾಗಕ್ಕೆ, ಅಂಟಿಕೊಂಡು ಅಲ್ಲಿಂದ ಉಳಿದ ಕ್ಯಾಸೆಟ್ಟಿಗೂ ಹೋಗುತ್ತೆ. ನಮ್ಮ ಕಡೆ ಹಾಳುಮಾಡುವುದು ಬಿಸಿಲು ಮತ್ತು ಧೂಳು. ತಗಡಿನ ಶೀಟಿನ ಕೆಳಗಿನ ಅಟ್ಟದಲ್ಲಿ ಇಟ್ಟಿದ್ದರೆ ಪ್ಲಾಸ್ಟಿಕ್ ಸೊಟ್ಟಗಾಗಿರುತ್ತೆ, ಒಳಗಿನ ಅಂಟು ಒಣಗಿರುತ್ತೆ.

ಆ ಅಂಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಎಷ್ಟೋ ಒಳ್ಳೆ ಕ್ಯಾಸೆಟ್ಟುಗಳನ್ನ ಜನ ಇದರಿಂದಲೇ ಎಸೆಯುತ್ತಾರೆ. ಕ್ಯಾಸೆಟ್ಟಿನ ಬಾಯಿಯ ನಡುವೆ, ರೀಲಿನ ಹಿಂದೆ, ತೆಳು ತಾಮ್ರದ ಪಟ್ಟಿಯ ಮೇಲೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಮೆತ್ತನೆ ತುಂಡು ಇರುತ್ತೆ. ರೀಲನ್ನ ಹೆಡ್ಡಿಗೆ ಒತ್ತಿ ಹಿಡಿಯುವುದು ಅದು. ಅಂಟು ಒಣಗಿ ಅದು ಉದುರಿಬಿದ್ದರೆ ದನಿ ಕಂಬಳಿ ಹೊದ್ದುಕೊಂಡು ಮಾತಾಡಿದಂತೆ ಆಗುತ್ತೆ, ಆಗಾಗ ಮಾಯವೂ ಆಗುತ್ತೆ. ಜನ ರೀಲೇ ಹೋಯ್ತು ಅಂದುಕೊಳ್ಳುತ್ತಾರೆ. ರೀಲಿಗೆ ಏನೂ ಆಗಿರುವುದಿಲ್ಲ. ಬೇಡದ ಕ್ಯಾಸೆಟ್ ಒಂದರ ಸ್ಕ್ರೂ ಬಿಚ್ಚಿ, ಪಟ್ಟಿ ಸಮೇತ ಆ ತುಂಡನ್ನ ತೆಗೆದು ಇದಕ್ಕೆ ಕೂರಿಸಿದರೆ ಆಯ್ತು. ಸ್ಕ್ರೂ ಇಲ್ಲದೆ ಅಂಟಿಸಿಬಿಟ್ಟ ಕ್ಯಾಸೆಟ್ಟಾದರೆ ಸಂದಿನಲ್ಲಿ ನಿಧಾನವಾಗಿ ಬ್ಲೇಡ್ ಆಡಿಸಿ ಬಿಚ್ಚಿ, ಎರಡೂ ರೀಲನ್ನ ಸ್ಕ್ರೂ ಇರುವ ಇನ್ನೊಂದು ಗೂಡಿಗೆ ವರ್ಗಾಯಿಸಬೇಕು. ರೀಲು ತುಂಡಾಗಿದ್ದರೆ ಸೆಲ್ಲೋಟೇಪಿನಲ್ಲಿ ಸೇರಿಸಬೇಡಿ. ಅದರ ಅಂಟು ಹರಿದು ಪಕ್ಕದ ಸುತ್ತಿಗೂ ಮೆತ್ತಿಕೊಳ್ಳುತ್ತೆ. ರೀಲು ಸೇರಿಸಲಿಕ್ಕೇ ಇರುವ ಟೇಪು ಆನ್‌ಲೈನಿನಲ್ಲಿ ಸಿಗುತ್ತೆ.

ಮಕ್ಕಳ ಕ್ಯಾಸೆಟ್ಟಿನಲ್ಲಿ ಒಂದು ಜಾಗದಲ್ಲಿ ಮಾತ್ರ ರೀಲು ಸುಕ್ಕಾಗಿರುವುದನ್ನ ಎಷ್ಟೋ ಸಲ ನೋಡಿದ್ದೀನಿ. ಮಗು ಹಿಂದಕ್ಕೆ ತಿರುಗಿಸಿ ತಿರುಗಿಸಿ ಕೇಳಿದ ಕಥೆ ಅದೇ ಇರುತ್ತೆ.

ಇನ್ನು ಮೆಷಿನ್ನು. ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಪ್ಲಾಸ್ಟಿಕ್ ಪ್ಲೇಯರುಗಳು ಬರುತ್ತವೆ. ನನ್ನ ಮಟ್ಟಿಗೆ ಅವು ಬೇಡ. ಮೋಟಾರಿನ ವೇಗ ಒಂದೇ ಸಮ ಇರುವುದಿಲ್ಲ, ದನಿ ಅಲುಗಾಡುತ್ತೆ. ಅದರ ಬದಲು ನಿಮ್ಮೂರಿನ ಮೈಕ್‌ಸೆಟ್ಟಿನವರನ್ನ ವಿಚಾರಿಸಿ. ನಮ್ಮಲ್ಲಿ ದುಗ್ಗಮ್ಮನ ಜಾತ್ರೆಗೆ, ಗಣಪತಿ ಹಬ್ಬಕ್ಕೆ ಕ್ಯಾಸೆಟ್ ಹಾಕುತ್ತಿದ್ದವರ ಗೋಡೌನಿನಲ್ಲಿ ಒಳ್ಳೊಳ್ಳೆ ಡೆಕ್ಕುಗಳು, ಅಂದರೆ ಆಂಪ್ಲಿಫೈಯರಿಗೆ ಜೋಡಿಸಿ ಕ್ಯಾಸೆಟ್ ಹಾಕುವ ಮೆಷಿನ್ನುಗಳು, ಧೂಳು ತಿನ್ನುತ್ತಾ ಕೂತಿವೆ. ಹೆಚ್ಚಿನವಕ್ಕೆ ಆಗಿರುವುದು ಒಂದೇ ರೋಗ, ರಬ್ಬರ್ ಬೆಲ್ಟ್ ಸಡಿಲಾಗಿರುತ್ತೆ, ಇಲ್ಲಾ ಡಾಂಬರಿನ ಹಾಗೆ ಕರಗಿರುತ್ತೆ. ಬೆಲ್ಟ್ ಬದಲಿಸಿ, ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ ಒರೆಸಿ. ಕಂದು ಬಣ್ಣ ಬರುವುದು ನಿಲ್ಲುವ ತನಕ ಒರೆಸಿ. ಮೊದಲು ಹೋದರೆ ಹೋಗಲಿ ಅನ್ನುವಂಥ ಕ್ಯಾಸೆಟ್ ಒಂದನ್ನ ಹಾಕಿ ನೋಡಿ, ಮೆಷಿನ್ನು ರೀಲು ತಿನ್ನುವುದಿಲ್ಲ ಅಂತ ಖಾತ್ರಿಯಾದ ಮೇಲೆಯೇ ನಿಮ್ಮದು. ಅದನ್ನೂ ಹಾಕುವ ಮುಂಚೆ ಈ ತುದಿಯಿಂದ ಆ ತುದಿಗೆ ಒಮ್ಮೆ ಪೂರ್ತಿ ಸುತ್ತಿಸಿ, ವಾಪಸ್ ಸುತ್ತಿಸಿ. ವರ್ಷಗಟ್ಟಲೆ ಬಿಗಿದುಕೊಂಡ ರೀಲು ಸಡಿಲವಾಗುತ್ತೆ. 90 ನಿಮಿಷದವು ಇದ್ದರೆ ಇನ್ನೂ ಹುಷಾರಾಗಿರಿ, ಅವುಗಳ ರೀಲು 60 ನಿಮಿಷದ್ದಕ್ಕಿಂತ ತೆಳು.

ಎಲ್ಲಾ ಸರಿಯಿದ್ದೂ ದನಿ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನ ಕ್ಯಾಸೆಟ್ ಓಡುತ್ತಿರುವಾಗಲೇ ಕೂದಲೆಳೆಯಷ್ಟು ತಿರುಗಿಸಿ. ಸಕಾರ, ಶಕಾರ ಚುರುಕಾಗಿ ಕೇಳಿದ ಜಾಗದಲ್ಲಿ ಬಿಡಿ. ಕಥೆಯಲ್ಲಿ ಹಾವು ಬುಸ್ ಅನ್ನುವ ಜಾಗ ಸಿಕ್ಕರೆ ಇದಕ್ಕೆ ತುಂಬಾ ಅನುಕೂಲ.

ಕಂಪ್ಯೂಟರಿಗೆ ಹಾಕಲು ಡೆಕ್ಕಿನ ಲೈನ್ ಔಟಿನಿಂದ (ದನಿ ಹೊರಗೆ ಬರುವ ತೂತು) ವೈರ್ ಎಳೆದು ಕಂಪ್ಯೂಟರಿನ ಲೈನ್ ಇನ್ನಿಗೆ (ದನಿ ಒಳಗೆ ಹೋಗುವ ತೂತು) ಕೊಡಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಟ್ಟರೆ ದನಿ ಒಡೆಯುತ್ತೆ, ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು ತಗೊಳ್ಳಿ. ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ವೇವ್ ಫೈಲಾಗಿ 44.1 ಕಿಲೋಹರ್ಟ್ಸ್, 16 ಬಿಟ್‌ನಲ್ಲಿ ತಗೊಂಡರೆ ನಿಮಿಷಕ್ಕೆ ಸುಮಾರು 10 ಎಂಬಿ, ಒಂದು ಗಂಟೆ ಕ್ಯಾಸೆಟ್ಟಿಗೆ 600 ಎಂಬಿ ಆಗುತ್ತೆ. ಆ ಮೂಲ ಫೈಲಿಗೆ ಸದ್ದು ತೆಗೆಯುವ ಫಿಲ್ಟರ್ ಹಾಕಬೇಡಿ, ಏನೇ ಮಾಡುವುದಿದ್ದರೂ ಇನ್ನೊಂದು ಕಾಪಿಯಲ್ಲಿ ಮಾಡಿ. ಸುಯ್ ಸದ್ದಿನ ಜೊತೆ ದನಿಯ ತುದಿಯೂ ಕತ್ತರಿಸಿಹೋಗುತ್ತೆ.

ಮಗಳಿಗೆ ಒಂದೊಂದು ಕಥೆಯನ್ನ ಬೇರೆ ಬೇರೆ ಎಂಪಿತ್ರೀ ಮಾಡಿ, ಮೆಮೊರಿ ಕಾರ್ಡ್ ಹಾಕುವ ಚಿಕ್ಕ ಸ್ಪೀಕರಿಗೆ ಹಾಕಿಕೊಡಿ. ಮೊಬೈಲಿನಲ್ಲಿ ಬೇಡ, ಕಣ್ಣು ಪರದೆಗೆ ಹೋದರೆ ಕಿವಿ ಕಥೆಯಲ್ಲಿ ಇರುವುದಿಲ್ಲ. ಕಥೆ ನಡುವೆ ಉಸಿರಾಡುವ ಜಾಗಗಳನ್ನ ಕತ್ತರಿಸಬೇಡಿ, ಮಗು ಮುಂದೇನು ಅಂತ ಯೋಚಿಸುವುದು ಅಲ್ಲೇ.

ಕಂಪನಿ ಕ್ಯಾಸೆಟ್ಟಿನ ಕಥೆಯನ್ನ ಮನೆಮಂದಿ ಕೇಳಲು ಹೀಗೆ ಮಾಡಿಕೊಳ್ಳಬಹುದು, ಯೂಟ್ಯೂಬಿಗೆ ಹಾಕಬೇಡಿ. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತೆ.

ಮೊದಲ ಕ್ಯಾಸೆಟ್ ಕೇಳುವಾಗ ಮನೆಯ ಹಿರಿಯರನ್ನ ಪಕ್ಕ ಕೂರಿಸಿಕೊಳ್ಳಿ. ನಡುವೆ ಯಾವುದಾದರೂ ಮನೆಯ ದನಿ ಬಂದರೆ ಅದು ಯಾರದು ಅಂತ ಹೇಳಬಲ್ಲವರು ಅವರೇ, ಆ ಹೆಸರನ್ನ ಫೈಲಿಗೂ ಇಡಿ, ಚೀಟಿಯ ಮೇಲೂ ಬರೆಯಿರಿ. ರಿಪೇರಿಯಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕ್ಯಾಸೆಟ್ಟಿನ ಬಾಯಿ ಕಾಣುವ ಹಾಗೆ ಫೋಟೋ ತೆಗೆದು ಇಲ್ಲೇ ಕೇಳಿ, ನೋಡಿ ಹೇಳ್ತೀನಿ.