ಟರ್ಕಿಯಲ್ಲಿ ಕಾದದ್ದು, ಕೆನಡಾದಲ್ಲಿ ನೆಲೆಸಿದ್ದು

ಓದುಗರ ಪತ್ರ: ಇರಾನಿನ ಸಲಿಂಗಕಾಮಿ ಹೋರಾಟಗಾರ ಅರ್ಷಾಮ್ ಪಾರ್ಸಿ ಟರ್ಕಿಯಲ್ಲಿ ಆಶ್ರಯ ಪಡೆದರು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹಾಗಿದ್ದರೆ ಮತ್ತೆ ಕೆನಡಾಕ್ಕೆ ಹೋಗಿದ್ದೇಕೆ? ‘ನಾನು ಸಲಿಂಗಕಾಮಿ, ನನಗೆ ಪ್ರಾಣಭಯವಿದೆ’ ಎಂದು ಯಾರು ಬೇಕಾದರೂ ಹೇಳಬಹುದಲ್ಲ, ಅಧಿಕಾರಿಗಳು ಹೇಗೆ ನಂಬುತ್ತಾರೆ?

ಸಂಪಾದಕರ ಉತ್ತರ: ಮೊದಲನೆಯ ಗೊಂದಲಕ್ಕೆ ನಾವೇ ಕಾರಣ. ‘ಆಶ್ರಯ ಪಡೆದರು’ ಎಂದು ಅಚ್ಚು ಹಾಕಬಾರದಿತ್ತು. 1951ರ ನಿರಾಶ್ರಿತರ ಒಪ್ಪಂದಕ್ಕೆ ಟರ್ಕಿಯ ಸಹಿ ಇದೆ, ನಿಜ. ಆದರೆ ಯುರೋಪಿನಿಂದ ಬಂದವರಿಗೆ ಮಾತ್ರ ಪೂರ್ತಿ ನಿರಾಶ್ರಿತ ಸ್ಥಾನ ಎಂಬ ಹಳೆಯ ಷರತ್ತನ್ನು ಅದು ಇಂದಿಗೂ ಬಿಟ್ಟಿಲ್ಲ. ಇರಾನಿನವರು ಅಲ್ಲಿ ಕಾಯಬಹುದು, ಅಷ್ಟೇ. ಮೂರನೆಯ ದೇಶವೊಂದು ಕರೆಸಿಕೊಳ್ಳುವ ತನಕ ಸರ್ಕಾರ ಗೊತ್ತುಮಾಡಿದ ಊರಿನಲ್ಲಿ ಇರಬೇಕು, ಹೇಳಿದ ದಿನ ಹೋಗಿ ಸಹಿ ಹಾಕಬೇಕು, ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ. ‘ಉಪಗ್ರಹ ನಗರ’ ಎನ್ನುವುದು ಇಂಥ ಊರುಗಳನ್ನೇ. ಹೆಚ್ಚಿನವು ಇಸ್ತಾಂಬುಲ್‌ನಿಂದ ದೂರದ, ಸಂಪ್ರದಾಯಸ್ಥ ಊರುಗಳು. ಮನೆಯವರಿಗೆ ಹೆದರಿ ಓಡಿಬಂದವನಿಗೆ ಅಲ್ಲಿಯ ನೆರೆಹೊರೆಯೂ ಬೇರೆ ಭಯ.

ಪಾರ್ಸಿ ಹುಟ್ಟಿದ್ದು 1980ರಲ್ಲಿ, ಶಿರಾಜ್‌ನಲ್ಲಿ. ಅಂತರ್ಜಾಲದಲ್ಲಿ ಇರಾನಿ ಸಲಿಂಗಿಗಳನ್ನು ಒಟ್ಟುಗೂಡಿಸುತ್ತಿದ್ದ ಅವರು 2005ರ ಮಾರ್ಚಿನಲ್ಲಿ ದೇಶ ಬಿಟ್ಟರು. ಅಂಕಾರಾದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಕಚೇರಿಯಲ್ಲಿ ಹೆಸರು ಬರೆಸಿ, ಕೈಸೇರಿ ಎಂಬ ಉಪಗ್ರಹ ನಗರದಲ್ಲಿ ಕಾದು, 2006ರ ಮೇ ತಿಂಗಳಲ್ಲಿ ಟೊರಾಂಟೊ ತಲುಪಿದರು. ಇರಾನಿ ಸಲಿಂಗಿ ನಿರಾಶ್ರಿತರ ನೆರವಿಗೆಂದು ಅವರು 2008ರಲ್ಲಿ ಕಟ್ಟಿದ ಸಂಸ್ಥೆಯ ಹೆಸರಿನಲ್ಲಿ ‘ರೈಲ್‌ರೋಡ್’ ಎಂಬ ಪದವಿದೆ. ಅಮೆರಿಕದ ಗುಲಾಮರನ್ನು ಗುಟ್ಟಾಗಿ ಕೆನಡಾ ಗಡಿ ದಾಟಿಸುತ್ತಿದ್ದ ‘ಅಂಡರ್‌ಗ್ರೌಂಡ್ ರೈಲ್‌ರೋಡ್’ ಎಂಬ ಜಾಲದ ನೆನಪು ಅದು. ಇಲ್ಲಿ ರೈಲೂ ಇಲ್ಲ, ಗುಟ್ಟೂ ಇಲ್ಲ, ಇರುವುದು ಕಡತ. ಅರ್ಜಿ ತುಂಬಿಸುವುದು, ಸಂದರ್ಶನಕ್ಕೆ ಅಣಿಗೊಳಿಸುವುದು, ಬೆಂಬಲ ಪತ್ರ ಬರೆಯುವುದು, ಮನೆ ಬಾಡಿಗೆಗೆ ಹಣ ಒದಗಿಸುವುದು. ಹೋರಾಟ ಎಂದರೆ ಧ್ವನಿವರ್ಧಕ ಎಂದುಕೊಂಡವರಿಗೆ ಇದು ಸಪ್ಪೆ ಎನಿಸೀತು.

ಇನ್ನು ನಿಮ್ಮ ಎರಡನೆಯ ಸಂಶಯ. ನಿರಾಶ್ರಿತ ಎನ್ನಿಸಿಕೊಳ್ಳಲು 1951ರ ಒಪ್ಪಂದ ಹೇಳುವ ಕಿರುಕುಳದ ಕಾರಣಗಳು ಐದು: ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ, ‘ನಿರ್ದಿಷ್ಟ ಸಾಮಾಜಿಕ ಗುಂಪಿಗೆ’ ಸೇರಿರುವುದು. ಸಲಿಂಗಿಗಳ ಅರ್ಜಿ ಸಾಮಾನ್ಯವಾಗಿ ಕೊನೆಯದರ ಅಡಿ ಬರುತ್ತದೆ. ದೇಶದಲ್ಲಿ ಅಪಾಯವಿದೆ ಎಂದು ತೋರಿಸುವುದು ಇರಾನಿನ ಮಟ್ಟಿಗೆ ಕಷ್ಟವಲ್ಲ: ಅಲ್ಲಿಯ 2013ರ ದಂಡಸಂಹಿತೆಯಲ್ಲಿ ಗಂಡಸರ ನಡುವಿನ ಸಂಭೋಗಕ್ಕೆ ಮರಣದಂಡನೆಯವರೆಗೂ ಶಿಕ್ಷೆಯಿದೆ, ಹೆಂಗಸರಿಗೆ 100 ಛಡಿಯೇಟು. ಕಷ್ಟವಿರುವುದು ‘ನೀನು ಆ ಗುಂಪಿನವನೇ?’ ಎಂಬಲ್ಲಿ. ಹಿಂದೆ ವೈದ್ಯಕೀಯ ತಪಾಸಣೆ, ಖಾಸಗಿ ವಿಡಿಯೊ, ಹಾಸಿಗೆಯ ವಿವರ ಎಲ್ಲವನ್ನೂ ಕೇಳಿದ್ದುಂಟು. 2014ರಲ್ಲಿ ಯುರೋಪಿನ ಒಕ್ಕೂಟದ ನ್ಯಾಯಾಲಯ ಇಂಥವು ಕೂಡದು ಎಂದಿತು. ಊರಿಗೆ ಮರಳಿ ‘ಗೊತ್ತಾಗದ ಹಾಗೆ ಬದುಕು’ ಎನ್ನುವ ವಾದವನ್ನು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರಲ್ಲೇ ತಳ್ಳಿಹಾಕಿತ್ತು. ಆ ಮೊಕದ್ದಮೆಯ ಇಬ್ಬರಲ್ಲಿ ಒಬ್ಬ ಇರಾನಿನವನು.

ಹಾಗಾಗಿ ಉಳಿಯುವುದು ಮಾತು ಮಾತ್ರ. ತಾನು ಬೇರೆ ಎಂದು ಯಾವಾಗ ಅನ್ನಿಸಿತು, ಯಾರಿಂದ ಮುಚ್ಚಿಟ್ಟೆ, ಯಾವುದಕ್ಕೆ ನಾಚಿದೆ, ಏನು ಅನುಭವಿಸಿದೆ ಎಂಬುದನ್ನು ಅಪರಿಚಿತರ ಮುಂದೆ ಕೂತು ಹೇಳಬೇಕು. ಸುಳ್ಳುಗಾರ ಕಥೆ ಬಾಯಿಪಾಠ ಮಾಡಿಕೊಂಡು ಬರಬಹುದು. ಆದರೆ ಅನುಭವದಲ್ಲಿ ಹೇಳುವುದಾದರೆ, ಹೆಚ್ಚು ಎಡವುವವರು ನಿಜ ಹೇಳುವವರೇ. ಇಪ್ಪತ್ತು ವರ್ಷ ಮುಚ್ಚಿಟ್ಟದ್ದನ್ನು ಎರಡು ತಾಸಿನಲ್ಲಿ ಬಿಚ್ಚು ಎಂದರೆ ಗಂಟಲು ಕಟ್ಟುತ್ತದೆ. ಮೊದಲ ನೋಂದಣಿಯಲ್ಲಿ ಹೆದರಿ ‘ರಾಜಕೀಯ ಕಾರಣ’ ಎಂದು ಬರೆಸಿ, ಮುಂದಿನ ಸಲ ನಿಜ ಹೇಳಿದರೆ ‘ಮಾತು ಬದಲಿಸಿದ’ ಎಂದಾಗುತ್ತದೆ.

ದುಭಾಷಿಯಿಂದಲೂ ಕೆಡುತ್ತದೆ. ಇರಾನಿನವರ ಪರ್ಷಿಯನ್ ಭಾಷೆಯಲ್ಲಿ ಎರಡು ಪದಗಳಿವೆ: ‘ಹಮ್‌ಜಿನ್ಸ್‌ಗರಾ’ ಎಂದರೆ ತನ್ನ ಲಿಂಗದವರತ್ತ ಒಲವಿರುವವ, ‘ಹಮ್‌ಜಿನ್ಸ್‌ಬಾಜ್’ ಎಂದರೆ ಅದನ್ನೊಂದು ಚಟವಾಗಿಸಿಕೊಂಡವ, ಅದು ಬೈಗುಳ. ದುಭಾಷಿ ಎರಡನೆಯದನ್ನು ಬಳಸಿದ ಕ್ಷಣ ಎದುರಿಗಿರುವವನ ಉತ್ತರಗಳು ಒಂದೊಂದೇ ಮಾತಿಗೆ ಇಳಿಯುತ್ತವೆ. (ನಮ್ಮ ‘ಸಲಿಂಗಕಾಮಿ’ಯಲ್ಲೂ ಆ ‘ಕಾಮ’ ಎದ್ದು ಕಾಣುತ್ತದೆ, ಅದಕ್ಕೇ ನಾವು ‘ಸಲಿಂಗಿ’ ಎಂದು ಬರೆಯುವುದು.) ದುಭಾಷಿಯನ್ನು ಬದಲಿಸಿ ಎಂದು ಕೇಳಬಹುದು, ಆದರೆ ಆರಂಭದಲ್ಲೇ ಕೇಳಬೇಕು. ತಿರಸ್ಕಾರವಾದ ಮೇಲೆ ಹೇಳಿದರೆ ನೆಪದಂತೆ ಕಾಣುತ್ತದೆ.

ತಾರೀಖಿನದು ಇನ್ನೊಂದು ಬಲೆ. ಇರಾನಿನ ವರ್ಷ ಮಾರ್ಚ್ 21ರ ಆಸುಪಾಸಿನಲ್ಲಿ ಶುರುವಾಗುತ್ತದೆ. ‘1383ರ ಬಹ್ಮನ್’ (ಅಲ್ಲಿಯ ಹನ್ನೊಂದನೆಯ ತಿಂಗಳು) ಎಂದರೆ 2005ರ ಜನವರಿ–ಫೆಬ್ರವರಿ. ಇರಾನಿ ವರ್ಷಕ್ಕೆ ಕಣ್ಣುಮುಚ್ಚಿ 621 ಕೂಡಿಸಿದರೆ 2004 ಬರುತ್ತದೆ. ಒಂದು ಕಾಗದದಲ್ಲಿ ಆ ವರ್ಷ, ಇನ್ನೊಂದರಲ್ಲಿ ಈ ವರ್ಷ, ಅರ್ಜಿದಾರ ಸುಳ್ಳುಗಾರ! ಆದ್ದರಿಂದ ಘಟನೆಗಳ ಪಟ್ಟಿಯನ್ನು ಇರಾನಿ ತಿಂಗಳ ಹೆಸರಿನಲ್ಲೇ ಬರೆದಿಟ್ಟುಕೊಂಡು, ಪಕ್ಕದಲ್ಲಿ ಪರಿವರ್ತಿಸಿದ ತಾರೀಖು ಹಾಕಬೇಕು. ನೆನಪಿಲ್ಲದ್ದಕ್ಕೆ ‘ನೆನಪಿಲ್ಲ’ ಎನ್ನಬೇಕು. ಊಹಿಸಿ ಹೇಳಿದ ತಾರೀಖು ಮುಂದೆ ತಿರುಗಿ ಕಚ್ಚುತ್ತದೆ. ಹೇಳಿಕೆಯನ್ನು ಓದಿಸಿಕೊಳ್ಳದೆ ಸಹಿ ಮಾಡಬಾರದು.

ನಿರಾಶ್ರಿತ ಎಂಬ ಮಾನ್ಯತೆ ಸಿಕ್ಕ ಮೇಲೂ ವಿಮಾನ ಹತ್ತಲು ಮೂರನೆಯ ದೇಶದ ಒಪ್ಪಿಗೆ, ವೈದ್ಯಕೀಯ ಮತ್ತು ಭದ್ರತಾ ತಪಾಸಣೆ, ಟರ್ಕಿಯ ನಿರ್ಗಮನ ಪರವಾನಗಿ ಎಲ್ಲ ಕೂಡಿಬರಬೇಕು. 2018ರ ಸೆಪ್ಟೆಂಬರ್‌ನಿಂದ ನೋಂದಣಿಯನ್ನೂ ವಿಶ್ವಸಂಸ್ಥೆಯಲ್ಲ, ಟರ್ಕಿ ಸರ್ಕಾರವೇ ಮಾಡುತ್ತದೆ. ಹೊಸಬರು ಈಗ ಅಂಕಾರಾದ ವಿಶ್ವಸಂಸ್ಥೆ ಕಚೇರಿಯಲ್ಲಲ್ಲ, ಜಿಲ್ಲೆಯ ವಲಸೆ ಕಚೇರಿಯಲ್ಲಿ ಸಾಲು ನಿಲ್ಲುತ್ತಾರೆ.