ಸಂಪಾದಕರ ಉತ್ತರ: ‘ಸಹಾಯಕ’ ಯಾರಿಗೆ ಸಹಾಯಕ?

ಗೋಣಿಕೊಪ್ಪಲಿನ ಓದುಗರೊಬ್ಬರು ಕಾಲೇಜು ಸಮಾರಂಭವೊಂದರ ಆಮಂತ್ರಣ ಪತ್ರಿಕೆ ಓದಿ ಕೇಳಿದ್ದಾರೆ: “ನಾಲ್ವರ ಹೆಸರಿನ ಹಿಂದೆಯೂ ‘ಪ್ರೊ.’ ಇದೆ. ಕೆಳಗೆ ನೋಡಿದರೆ ಒಬ್ಬರು ಸಹಾಯಕ ಪ್ರಾಧ್ಯಾಪಕರು, ಒಬ್ಬರು ಸಹ ಪ್ರಾಧ್ಯಾಪಕರು, ಒಬ್ಬರು ಬರೀ ಪ್ರಾಧ್ಯಾಪಕರು, ಇನ್ನೊಬ್ಬರು ವಿಭಾಗದ ಮುಖ್ಯಸ್ಥರು. ಸಹಾಯಕರು ಯಾರಿಗೆ ಸಹಾಯ ಮಾಡುತ್ತಾರೆ? ಇವರಲ್ಲಿ ದೊಡ್ಡವರು ಯಾರು?”

ಮಾನ್ಯರೇ, ಸಹಾಯಕ ಪ್ರಾಧ್ಯಾಪಕರು ಯಾರ ಕೈಕೆಳಗಿನ ಸಹಾಯಕರೂ ಅಲ್ಲ. ತಮ್ಮ ತರಗತಿಗೆ ಅವರೇ ಪೂರ್ತಿ ಹೊಣೆ. ಹಿಂದೆ ಲೆಕ್ಚರರ್, ರೀಡರ್, ಪ್ರೊಫೆಸರ್ ಎಂಬ ಮೂರು ಮೆಟ್ಟಿಲಿದ್ದವು. 2006ರ ವೇತನ ಪರಿಷ್ಕರಣೆಯೊಂದಿಗೆ ಮೊದಲೆರಡರ ಜಾಗಕ್ಕೆ ಸಹಾಯಕ ಮತ್ತು ಸಹ ಪ್ರಾಧ್ಯಾಪಕ ಎಂಬ ಹೆಸರು ಬಂದವು. ‘ಉಪನ್ಯಾಸಕ’ ಈಗ ಪಿಯು ಕಾಲೇಜಿನ ಹುದ್ದೆ. ಪದವಿ ಕಾಲೇಜಿನಲ್ಲಿ ‘ಅತಿಥಿ’ಗಳ ಪಾಲಿಗೆ ಮಾತ್ರ ಉಳಿದಿದೆ.

ನಿಜವಾದ ವ್ಯತ್ಯಾಸ ತಿಳಿಯಲು ವೇತನ ಶ್ರೇಣಿ ನೋಡಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರು ಸೇರುವುದು ವೇತನ ಪಟ್ಟಿಯ 10ನೇ ಹಂತಕ್ಕೆ. ಮೂಲ ವೇತನ 57,700 ರೂಪಾಯಿ. ಪಿಎಚ್.ಡಿ. ಇದ್ದರೆ 4 ವರ್ಷಕ್ಕೆ, ಎಂ.ಫಿಲ್. ಇದ್ದರೆ 5ಕ್ಕೆ, ಬರೀ ಸ್ನಾತಕೋತ್ತರ ಪದವಿಯಾದರೆ 6ಕ್ಕೆ 11ನೇ ಹಂತ. ಅಲ್ಲಿಂದ 5 ವರ್ಷಕ್ಕೆ 12. ಇಷ್ಟು ಏರಿದರೂ ಹುದ್ದೆಯ ಹೆಸರು ಸಹಾಯಕ ಪ್ರಾಧ್ಯಾಪಕ ಎಂದೇ. ಹನ್ನೊಂದು ವರ್ಷ ಪಾಠ ಮಾಡಿದವರನ್ನು ನಿನ್ನೆ ಮೊನ್ನೆ ಸೇರಿದವರೆಂದು ಊರಿನವರು ತಿಳಿಯುವುದು ಇದರಿಂದಲೇ.

ಮುಂದಿನ ಮೆಟ್ಟಿಲೇ ಎಲ್ಲರನ್ನೂ ತಡೆಯುವುದು. 12ನೇ ಹಂತದ ಆರಂಭಿಕ ಮೂಲ ವೇತನ 79,800. ಸಹ ಪ್ರಾಧ್ಯಾಪಕರ 13ಎ ಹಂತದ್ದು 1,31,400. ಒಂದೇ ನೆಗೆತಕ್ಕೆ 51,600ರ ಅಂತರ! 12ರಲ್ಲಿ 3 ವರ್ಷ ಸೇವೆಯಾಗಿರಬೇಕು, ಪಿಎಚ್.ಡಿ. ಇರಲೇಬೇಕು. ಇಲ್ಲದವರು ಕಾಲೇಜಿನಲ್ಲಿ 12ರಲ್ಲೇ ನಿವೃತ್ತರಾಗಬೇಕಾದೀತು. ಸೇವೆ, ಪದವಿ ಎರಡೂ ಇದ್ದು ಓರಿಯೆಂಟೇಶನ್, ರಿಫ್ರೆಶರ್ ಎಂಬ ಅಧ್ಯಾಪಕರ ತರಬೇತಿ ಕೋರ್ಸು ಮುಗಿಸದೆ ಬಡ್ತಿ ಕಳೆದುಕೊಳ್ಳುವವರೂ ಇದ್ದಾರೆ. ಪ್ರಮಾಣಪತ್ರಗಳನ್ನು ಆಯಾ ವರ್ಷವೇ ಫೈಲಿಗೆ ಸೇರಿಸಿಡುವುದು ಕ್ಷೇಮ.

ಪ್ರಾಧ್ಯಾಪಕ ಹುದ್ದೆ 14ನೇ ಹಂತ, 1,44,200. ಬಡ್ತಿಯಿಂದ ಬರುವವರಿಗೆ ಇನ್ನೂ 3 ವರ್ಷ ಸೇವೆ, 10 ಸಂಶೋಧನಾ ಲೇಖನ ಬೇಕು. ಹೀಗೆ ಕೆಲಸಕ್ಕೆ ಸೇರಿದ ದಿನದಿಂದ ಕನಿಷ್ಠ 15 ವರ್ಷ. ನೇರ ನೇಮಕಾತಿಗೆ ಸಹ ಪ್ರಾಧ್ಯಾಪಕರಾಗಲು 8 ವರ್ಷ ಅನುಭವ, 7 ಲೇಖನ. ಪ್ರಾಧ್ಯಾಪಕರಾಗಲು 10 ವರ್ಷ, 10 ಲೇಖನ. ಪಿಎಚ್.ಡಿ.ಗೆಂದು ರಜೆ ಹಾಕಿದ ಅವಧಿಯನ್ನು ಈ ಅನುಭವಕ್ಕೆ ಸೇರಿಸಿಕೊಂಡು ಅರ್ಜಿ ಹಾಕಿದರೆ ಪರಿಶೀಲನೆಯಲ್ಲೇ ಬಿದ್ದುಹೋಗುತ್ತದೆ.

ವಿಭಾಗದ ಮುಖ್ಯಸ್ಥರೆಂಬುದು ಹೊಣೆಗಾರಿಕೆ, ಶ್ರೇಣಿಯಲ್ಲ; ಸಹಾಯಕ ಪ್ರಾಧ್ಯಾಪಕರೂ ಮುಖ್ಯಸ್ಥರಾಗಿರಬಹುದು. ‘ಡಾ.’ ಪದವಿಯ ಗುರುತು, ಹುದ್ದೆಯದ್ದಲ್ಲ.

ಚಿಕ್ಕಅಳುವಾರದ ಕೊಡಗು ವಿಶ್ವವಿದ್ಯಾಲಯಕ್ಕೂ ನಿಮ್ಮೂರಿನ ಪದವಿ ಕಾಲೇಜಿಗೂ ಹುದ್ದೆಯ ಹೆಸರು, ಹಂತಗಳು ಇವೇ. ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲೂ ಇದೇ ಹೆಸರು ಕಾಣುತ್ತೀರಿ; ಅಲ್ಲಿನ ಅರ್ಹತೆಯ ನಿಯಮ ಮಾತ್ರ ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು.

ಇನ್ನು ಆಮಂತ್ರಣದ ಮಾತು. ‘ಪ್ರೊ.’ ಸಲ್ಲುವುದು 14ನೇ ಹಂತ ಮತ್ತು ಅದಕ್ಕೂ ಮೇಲಿನವರಿಗೆ. ಉಳಿದವರಿಗೆ ಪಿಎಚ್.ಡಿ. ಇದ್ದರೆ ‘ಡಾ.’, ಇಲ್ಲದಿದ್ದರೆ ಶ್ರೀ, ಶ್ರೀಮತಿ, ಕುಮಾರಿ ಸಾಕು; ಹುದ್ದೆ ಕೆಳಗಿನ ಸಾಲಿನಲ್ಲಿ ಹೇಗೂ ಇರುತ್ತದೆ.